ಬೇಲಿಗೆ ಸಿಕ್ಕಿದ ಅಂಗಿ

ಕ್ಷಮಿಸುವುದು ದೊಡ್ಡ ಗುಣ ಅಂತ ನನಗೆ ಬುದ್ಧಿ ಹೇಳಿದವರಿಗೆ ಲೆಕ್ಕವಿಲ್ಲ. ಹೇಳಿದವರೆಲ್ಲ ಆ ದಿನ ಬೀದಿಯಲ್ಲಿ ಕೈಕಟ್ಟಿ ನಿಂತು ನೋಡಿದವರೇ. ದೊಡ್ಡ ಗುಣ ದೊಡ್ಡವರ ಮನೆಯಲ್ಲೇ ಇರಲಿ. ನಮ್ಮದು ಸಣ್ಣ ಮನೆ. ಹೊಲಿಗೆ ಮಷಿನ್ನು, ಇಸ್ತ್ರಿ ಮೇಜು, ಬಟ್ಟೆಯ ಕಪಾಟು ಇಟ್ಟ ಮೇಲೆ ಇನ್ನೊಂದು ಸಾಮಾನಿಗೆ ಜಾಗ ಇರಲಿಲ್ಲ.

ಪೇಟೆಯ ಹೆಸರು ಹೇಳುವುದಿಲ್ಲ. ಗೋಣಿಬೀಡಿಗೂ ಮೂಡಿಗೆರೆಗೂ ನಡುವೆ ಬಸ್ಸು ನಿಲ್ಲುವ ಊರುಗಳಲ್ಲಿ ಒಂದು ಅಂದುಕೊಳ್ಳಿ. ಒಂದೇ ಬೀದಿ. ಎರಡೂ ಕಡೆ ಅಂಗಡಿ, ಅಂಗಡಿಯ ಹಿಂದೆ ಮನೆ. ಬೀದಿಯ ತಲೆಗೆ ಒಬ್ಬ ಪ್ಲಾಂಟರ ದೊಡ್ಡ ಮನೆ, ಆ ಮನೆಯ ಬೆನ್ನಿಗೇ ಅವರ ಕಾಫಿ ಎಸ್ಟೇಟು. ನಮ್ಮ ಅಂಗಡಿ ಬೀದಿಯ ನಡುವೆ. ನಮ್ಮನೆಯವರು ಟೈಲರು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಮಷಿನ್ನಿಗೆ ಕೈಮುಗಿದು ಕೂತರೆ ಊಟಕ್ಕೆ ಕರೆದರೂ ಏಳುವವರಲ್ಲ. ಅವರಿಗೆ ಮಾತು ಕಡಿಮೆ. ನನಗೆ ಜಾಸ್ತಿ. ಮದುವೆಯಾದ ಹೊಸತರಲ್ಲಿ ನಮ್ಮತ್ತೆ ನನ್ನ ಬಾಯಿ ಕೇಳಿ, "ಬಿಡು, ದೇವ್ರು ಇಬ್ಬರದ್ದೂ ಸೇರಿಸಿ ನಿನಗೇ ಕೊಟ್ಟಿದಾನೆ" ಅಂದಿದ್ದರು.

ತೊಂಬತ್ತರ ದಶಕದ ನಡುವೆ ಕಾಫಿಗೆ ಯಾರೂ ಕನಸಲ್ಲೂ ಕಾಣದ ರೇಟು ಬಂತು. ಹೆಂಚು ಇಳಿಸಿ ತಾರಸಿ ಹಾಕಿಸಿದವರೆಷ್ಟು, ಜೀಪು ತಂದವರೆಷ್ಟು. ಕಾಫಿಯ ಹಿಂದೆ ಮೆಣಸಿಗೂ ಬೆಲೆ ಬಂತು. ಬೆಲೆ ಬಂದ ಕೂಡಲೇ ಕಳ್ಳರೂ ಬಂದರು. ಒಣಗಲು ಹರಡಿದ ಕಣದಿಂದಲೇ ಬಾಚಿಕೊಂಡು ಹೋಗುತ್ತಿದ್ದರು. ಅಲ್ಲಿ ಹೋಯಿತಂತೆ, ಇಲ್ಲಿ ಹೋಯಿತಂತೆ ಅಂತ ದಿನಾ ಸುದ್ದಿ. ಆಗ ನಮ್ಮ ಬೀದಿಯವರು ಸೇರಿ ಕಾವಲು ಸಮಿತಿ ಮಾಡಿದರು. ಬೀದಿಯ ತಲೆಯ ಪ್ಲಾಂಟರೇ ಅಧ್ಯಕ್ಷರು. ಮನೆಗೊಬ್ಬ ಗಂಡಸು, ಪಾಳಿಯ ಮೇಲೆ ಗಸ್ತು. ಕೈಗೊಂದು ಬೆತ್ತ, ಕೊರಳಿಗೊಂದು ಸೀಟಿ, ತಲೆಗೊಂದು ಹಸಿರು ಟೋಪಿ.

ಆ ಟೋಪಿಗಳನ್ನೆಲ್ಲ ಹೊಲಿದವರು ನಮ್ಮನೆಯವರು. ಪುಕ್ಕಟೆ. ಒಬ್ಬೊಬ್ಬರ ತಲೆಯ ಅಳತೆಯನ್ನೂ ಟೇಪು ಹಿಡಿದು ತೆಗೆದು ಹೊಲಿದರು. ಅಧ್ಯಕ್ಷರ ಟೋಪಿಗೆ ಮಾತ್ರ ಒಳಗೆ ಸ್ಯಾಟಿನ್ ಲೈನಿಂಗ್ ಕೊಟ್ಟರು, ಅವರ ನೆತ್ತಿಯಲ್ಲಿ ಕೂದಲಿರಲಿಲ್ಲ, ಬಟ್ಟೆ ಉಜ್ಜುತ್ತದೆ ಅಂತ. ಅಂಥ ಮನುಷ್ಯ.

ಸುಳ್ಳು ಹೇಳಬಾರದು, ಆ ಸಮಿತಿ ಬಂದ ಮೇಲೆ ನಮಗೆಲ್ಲ ನಮ್ಮ ಬೀದಿಯೆಂದರೆ ಒಂದು ಜಂಬ ಬಂತು. ಚರಂಡಿ ಕ್ಲೀನಾಯಿತು. ರಸ್ತೆಯಂಚಿನ ಕಲ್ಲುಗಳಿಗೆ ಸುಣ್ಣ ಬಳಿದರು. ಬೀದಿಯ ಬಾಯಲ್ಲಿ "ಶಿಸ್ತಿನ ಬೀದಿ, ಕಳ್ಳರಿಗೆ ಜಾಗವಿಲ್ಲ" ಅಂತ ಬೋರ್ಡು ಬಂತು. ತವರಿಗೆ ಹೋದಾಗ ನಾನೂ ನಮ್ಮ ಬೀದಿ ಹಾಗೆ, ನಮ್ಮ ಬೀದಿ ಹೀಗೆ ಅಂತ ಕೊಚ್ಚಿಕೊಂಡಿದ್ದುಂಟು. ಬಳೆ ಮಾರುವವನನ್ನೂ ನಿಲ್ಲಿಸಿ ಯಾವ ಊರು, ಯಾರ ಮನೆಗೆ ಅಂತ ಕೇಳುತ್ತಿದ್ದರು. ಕಳ್ಳ ಮಾತ್ರ ಒಬ್ಬನೂ ಸಿಕ್ಕಿರಲಿಲ್ಲ. ಬೆತ್ತ ಹಿಡಿದ ಕೈಗೆ ಎಷ್ಟು ದಿನ ಅಂತ ಸುಮ್ಮನಿರಲು ಆಗುತ್ತದೆ? ನವೆ ಶುರುವಾಗಿತ್ತು.

ಫೆಬ್ರವರಿಯಲ್ಲಿ ಒಂದು ದಿನ ಹಾಡುಹಗಲೇ ಅಧ್ಯಕ್ಷರ ಸ್ವಂತ ಕಣದಿಂದ ಮೆಣಸು ಹೋಯಿತು. ಆಳುಗಳು ಊಟಕ್ಕೆ ಹೋದ ಹೊತ್ತಿನಲ್ಲಿ ಯಾರೋ ಚೀಲಕ್ಕೆ ತುಂಬಿಕೊಂಡು ಹೋಗಿದ್ದರು. ಊರಿಗೆಲ್ಲ ಕಾವಲು ಕಾಯುವವರ ಮನೆಗೇ ಕನ್ನ. ಪಕ್ಕದೂರಿನವರು ನಗಲು ಶುರುಮಾಡಿದರು. ಅಧ್ಯಕ್ಷರಿಗೆ ಮೆಣಸಿಗಿಂತ ಆ ನಗು ಹೆಚ್ಚು ಉರಿಯಿತು. ಸಮಿತಿಯವರು ಬೇಲಿಯುದ್ದಕ್ಕೂ ಹುಡುಕಿದಾಗ ಕಣದ ಹಿಂದಿನ ಮುಳ್ಳುತಂತಿಗೆ ಸಿಕ್ಕಿಕೊಂಡ ಒಂದು ಅಂಗಿ ಕಂಡಿತು. ನೀಲಿ ಚೌಕುಳಿ, ಜೇಬಿನ ಹತ್ತಿರ ಗೆರೆಗಳು ಬಣ್ಣ ಕಲಸಿಕೊಂಡದ್ದು. ಬಟ್ಟೆಯ ಥಾನಿನ ಕೊನೆಯಲ್ಲಿ ಪ್ರಿಂಟು ಕೆಟ್ಟ ತುಂಡು ಉಳಿದಿತ್ತು, ಗಿರಾಕಿಗೆ ಕೊಡಲು ಮನಸ್ಸಾಗದೆ ನಮ್ಮನೆಯವರು ತಮಗೇ ಹೊಲಿದುಕೊಂಡಿದ್ದರು. ಎರಡು ವರ್ಷ ಹಬ್ಬಕ್ಕೂ ಅದೇ, ಸಂತೆಗೂ ಅದೇ. ಬೀದಿಯಲ್ಲಿ ಆ ಅಂಗಿ ಗೊತ್ತಿಲ್ಲದವರು ಇರಲಿಲ್ಲ.

ಮಾರನೆಯ ಬೆಳಿಗ್ಗೆ ಸಮಿತಿಯ ಕೋಣೆಯ ಮುಂದೆ ಗಂಡಸರೆಲ್ಲ ಸೇರಿದರು. ಹೆಂಗಸರು ಕಿಟಕಿಗಳಲ್ಲಿ. ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಅಧ್ಯಕ್ಷರು ಅಂಗಿಯನ್ನು ಬೆತ್ತದ ತುದಿಯಲ್ಲಿ ಎತ್ತಿ ಹಿಡಿದರು. ಕೈಯಲ್ಲಿ ಮುಟ್ಟಲಿಲ್ಲ, ನೆನಪಿರಲಿ.

"ಇದು ಯಾರದು?"

"ನಂದೇ" ಅಂದರು ನಮ್ಮನೆಯವರು.

"ನನ್ನ ಬೇಲಿಗೆ ಹೇಗೆ ಬಂತು?"

"ಗೊತ್ತಿಲ್ಲ. ನಾನು ಕದ್ದಿಲ್ಲ."

"ಅಂಗಿ ನಡ್ಕೊಂಡು ಬಂತಾ ಮಾರಾಯ?"

ಯಾರೋ ನಕ್ಕರು. ನಮ್ಮನೆಯವರು ಇನ್ನೊಂದು ಮಾತು ಆಡಲಿಲ್ಲ. ಅಧ್ಯಕ್ಷರು, "ಪೊಲೀಸಿಗೆ ಕೊಡಲ್ಲ. ನಮ್ಮ ಬೀದಿಯ ಮರ್ಯಾದೆ ಪ್ರಶ್ನೆ" ಅಂದು, ಎರಡು ಹೆಜ್ಜೆ ಮುಂದೆ ಬಂದು, ನಮ್ಮನೆಯವರ ತಲೆಯ ಮೇಲಿನ ಟೋಪಿಯನ್ನು ತೆಗೆದುಕೊಂಡರು. ಅಷ್ಟೆ. ಹೊಡೆಯಲಿಲ್ಲ, ಬಯ್ಯಲಿಲ್ಲ. ಸುತ್ತ ನಿಂತವರೆಲ್ಲರ ತಲೆಯ ಮೇಲೆ ಅವರು ಹೊಲಿದ ಟೋಪಿಗಳೇ. ಒಬ್ಬನಾದರೂ "ತಡೀರಿ" ಅನ್ನಲಿಲ್ಲ. ಜೊತೆಗೆ ಗಸ್ತು ತಿರುಗಿದವರು, ನಮ್ಮನೆಯಲ್ಲಿ ಕಾಫಿ ಕುಡಿದವರು, ಎಲ್ಲರೂ ನೆಲ ನೋಡುತ್ತಿದ್ದರು.

ಆ ಅಂಗಿಯ ಕಥೆ ನನಗೆ ಗೊತ್ತಿತ್ತು. ನಮ್ಮ ಕಡೆ ಕಾಫಿ ಕುಯ್ಯುವ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳದಿದ್ದರೆ ಗಿಡದ ರೆಂಬೆ ತರಚುತ್ತದೆ, ಚಗಳಿ ಇರುವೆ ಕಚ್ಚಿ ಕೈಯೆಲ್ಲ ದದ್ದು ಏಳುತ್ತದೆ. ಕುಯ್ಲು ಶುರುವಾಗುವ ಮುಂಚೆ ಅವರು ಪೇಟೆಗೆ ಬಂದು ಮನೆಮನೆಯಲ್ಲಿ ಹಳೆ ಅಂಗಿ ಕೇಳುತ್ತಾರೆ. ನಾವು ಕೊಡುತ್ತೇವೆ. ಅಧ್ಯಕ್ಷರ ಹೆಂಡತಿಯೂ ಕೊಡುತ್ತಿದ್ದರು. ಆ ಸಲ ನೀಲಿ ಚೌಕುಳಿಯನ್ನು ನಾನೇ ಎತ್ತಿ ಕೊಟ್ಟಿದ್ದೆ, ಅಧ್ಯಕ್ಷರ ತೋಟಕ್ಕೇ ಕುಯ್ಯಲು ಹೋಗುತ್ತಿದ್ದ ಒಬ್ಬ ಬಾಣಂತಿಗೆ. ಬಿಸಿಲೇರಿದ ಮೇಲೆ ಬಿಚ್ಚಿ ಬೇಲಿಗೆ ಹಾಕಿ ಮರೆತಿರಬೇಕು ಪಾಪ. ಇದು ಬೀದಿಯ ಎಲ್ಲ ಹೆಂಗಸರಿಗೂ ಹೊಳೆಯುವ ವಿಷಯ. ನಮ್ಮನೆಯವರನ್ನು ಬಿಟ್ಟರೆ ಗಂಡಸರಿಗೆ ಹೊಳೆಯಲಿಲ್ಲ. ವರ್ಷಕ್ಕೆ ಮೂರು ತಿಂಗಳು ತಮ್ಮ ಹಳೆಯ ಅಂಗಿಗಳು ತಮ್ಮ ಕಣ್ಣೆದುರೇ ಗಿಡದಿಂದ ಗಿಡಕ್ಕೆ ಹೋಗುತ್ತಿದ್ದರೂ ಒಬ್ಬರೂ ನೋಡಿರಲಿಲ್ಲ. ಆಳುಗಳ ಬುಟ್ಟಿ ನೋಡುತ್ತಿದ್ದರು, ಮೈಮೇಲಿನ ಬಟ್ಟೆ ಯಾರು ನೋಡುತ್ತಾರೆ!

ನಮ್ಮನೆಯವರು ಒಳಗೆ ಬಂದ ಕೂಡಲೇ ನಾನು ಸೆರಗು ಸಿಕ್ಕಿಸಿಕೊಂಡು ಹೊರಟೆ. ಅವರು ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ?"

"ಹೇಳ್ತೀನಿ. ಅಂಗಿ ಯಾರಿಗೆ ಕೊಟ್ಟಿದ್ದು ಅಂತ ಬೀದೀಲಿ ನಿಂತು ಹೇಳ್ತೀನಿ."

"ಹೇಳಿದ್ರೆ ಎಂತ ಆಗ್ತದೆ ಗೊತ್ತುಂಟಾ? ಆ ಹೆಂಗಸನ್ನ ಎಳ್ಕೊಂಡು ಬರ್ತಾರೆ. ನನ್ನದಾದ್ರೆ ಟೋಪಿ ತೆಗೆದ್ರು. ಅವಳದ್ದು ಚರ್ಮ ತೆಗೀತಾರೆ. ಎದೆಹಾಲು ಕುಡಿಯೋ ಮಗು ಉಂಟು ಅವಳಿಗೆ."

"ಹಂಗಾದ್ರೆ ನೀವು ಕಳ್ಳ ಅನ್ನಿಸ್ಕೊಂಡಿರದಾ?"

"ಬಾಯಿ ತೆಗೀಬೇಡ. ನನ್ನ ಮೇಲಾಣೆ."

ಆಣೆ ಹಾಕಿಬಿಟ್ಟರು. ಅಷ್ಟು ವರ್ಷದಲ್ಲಿ ಒಂದು ಆಣೆ ಹಾಕದವರು. ನಾನು ಅಡುಗೆಮನೆಗೆ ಹೋಗಿ ಒಂದು ತಪ್ಪಲೆಯನ್ನು ಗೋಡೆಗೆ ಎಸೆದೆ. ಅದರ ನೆಗ್ಗು ಇವತ್ತಿಗೂ ಹಾಗೇ ಇದೆ, ಗೋಡೆಯಲ್ಲೂ ತಪ್ಪಲೆಯಲ್ಲೂ.

ಆಮೇಲಿನ ಒಂದು ವರ್ಷ ಹೇಗೆ ಕಳೆಯಿತು ಅಂತ ಹೇಳಬೇಕು. ಅವರು ಸಂತೆಗೆ ಹೋಗುವುದು ಬಿಟ್ಟರು. ದೇವಸ್ಥಾನಕ್ಕೆ ಯಾರೂ ಇಲ್ಲದ ಹೊತ್ತು ನೋಡಿ ಹೋಗಿ ಬರುತ್ತಿದ್ದರು. ಮಷಿನ್ನು ಮೊದಲು ಅಂಗಡಿಯ ಬಾಗಿಲಲ್ಲಿ ಬೆಳಕಿಗೆ ಇರುತ್ತಿತ್ತು, ಅದನ್ನು ಒಳಗಿನ ಗೋಡೆಗೆ ಸರಿಸಿದರು. ಆದರೆ ಬೀದಿಯ ಜನ ಬಟ್ಟೆ ತರುವುದು ಬಿಟ್ಟರಾ? ಇಲ್ಲ. ಸುತ್ತಮುತ್ತ ಅವರಷ್ಟು ನೀಟಾಗಿ ಕಾಲರ್ ಕೂರಿಸುವವರು ಇರಲಿಲ್ಲ. ಟೋಪಿ ಕಿತ್ತುಕೊಂಡವರೇ ವಾರ ಬಿಟ್ಟು ಪ್ಯಾಂಟಿನ ಬಟ್ಟೆ ಹಿಡಿದು ಬಂದರು. ಇವರು ಮಾತಿಲ್ಲದೆ ಅಳತೆ ತೆಗೆದು, ಮಾತಿಲ್ಲದೆ ಹೊಲಿದು ಕೊಟ್ಟರು. ಕಳ್ಳನ ಮನೆಯಲ್ಲಿ ಒಳ್ಳೆ ಬಟ್ಟೆ ಬಿಟ್ಟುಹೋಗಲು ಮಾತ್ರ ಯಾರಿಗೂ ಹೆದರಿಕೆ ಇರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಒಂದು ಸೂಜಿ ಅಲ್ಲೇ ಬಿಟ್ಟು ಕೊಡಿ, ಚುಚ್ಚಲಿ" ಅಂದರೆ ನನ್ನ ಮುಖ ನೋಡಿ ಮತ್ತೆ ಮಷಿನ್ನು ತುಳಿಯುತ್ತಿದ್ದರು.

ನನ್ನ ಗಂಡನ ಹೆಸರು ನನಗೆ ವಾಪಸ್ ಬೇಕಿತ್ತು. ತೆಗೆದ ಬೀದಿಯಲ್ಲೇ, ತೆಗೆದ ಕೈಯಿಂದಲೇ, ಅಷ್ಟೇ ಜನ ನೋಡುತ್ತಿರುವಾಗ. ಅದಕ್ಕಿಂತ ಒಂದು ಎಳೆ ಕಡಿಮೆಯಾದರೂ ಬೇಡ.

ಮೊದಲು ದೇವರಿಗೆ ಒಪ್ಪಿಸಿ ನೋಡಿದೆ. ಅನ್ಯಾಯವಾದವರು ಚೌಡಮ್ಮನ ಕಟ್ಟೆಗೆ ಹೋಗಿ ತೆಂಗಿನಕಾಯಿ ಹಿಡಿದು ದೂರು ಹೇಳಿಕೊಳ್ಳುವುದುಂಟು, ಹುಯ್ಲು ಕೊಡುವುದು ಅನ್ನುತ್ತಾರೆ. "ತಾಯಿ, ಅವರ ಕಣ ಒಣಗದೆ ಹೋಗಲಿ" ಅಂತ ಹೊಟ್ಟೆಯಿಂದ ಕೇಳಿಕೊಂಡು ಬಂದೆ. ಮೂರನೆಯ ದಿನಕ್ಕೆ ಕಾಲವಲ್ಲದ ಕಾಲದಲ್ಲಿ ಧೋ ಅಂತ ಮಳೆ. ಅಧ್ಯಕ್ಷರ ಕಣದಲ್ಲಿ ಆಳುಗಳು ಟಾರ್ಪಾಲು ಹಿಡಿದು ಓಡುವುದನ್ನು ಹಿತ್ತಿಲಿಂದ ನೋಡಿ ಕೈಮುಗಿದೆ. ಸಂಜೆಗೆ ನಮ್ಮಣ್ಣ ತವರಿನಿಂದ ಬಂದ. ಅವನ ಕಣದ ಕಾಫಿಯೂ ತೊಯ್ದು ಬೂಸಲು ಹಿಡಿಯುವಂತಾಗಿತ್ತು. ಸುತ್ತ ಹತ್ತೂರಿನಲ್ಲಿ ಒಬ್ಬರ ಕಣವೂ ಉಳಿದಿರಲಿಲ್ಲ. ಚೌಡಮ್ಮನಿಗೆ ನಾನು ಮನೆ ಗುರುತು ಸರಿಯಾಗಿ ಹೇಳಿರಲಿಲ್ಲ ಅಂತ ಕಾಣುತ್ತದೆ. ಅವತ್ತೇ ನಿರ್ಧಾರ ಮಾಡಿದೆ, ಈ ಕೆಲಸ ನಾನೇ ಮಾಡಬೇಕು.

ಮಳೆಗಾಲ ಮುಗಿದು ಮತ್ತೆ ಕುಯ್ಲು ಬರುವ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಆಣೆ ಇದ್ದದ್ದು ಬಾಯಿ ತೆಗೆಯಬೇಡ ಅಂತ. ಬೇರೆಯವರ ಕಣ್ಣು ತೆರೆಸಬೇಡ ಅಂತ ಅಲ್ಲವಲ್ಲ.

ರವಿಕೆಗೆ ಅಳತೆ ಕೊಡಲು ಬಂದ ಹೆಂಗಸರನ್ನೆಲ್ಲ ಕೇಳತೊಡಗಿದೆ. "ಕುಯ್ಯೋರಿಗೆ ಕೊಡಕ್ಕೆ ನಿಮ್ಮ ಯಜಮಾನ್ರ ಹಳೆ ಅಂಗಿ ಇದ್ರೆ ಕೊಡಿ. ಈ ಸಲ ನಾನೇ ಒಟ್ಟುಮಾಡಿ ಕಳಿಸ್ತೀನಿ." ಅವರಿಗೆಲ್ಲ ನನ್ನ ಮುಖ ನೋಡುವಾಗ ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು. ಎಲ್ಲ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡವರು ಅವರು. ಧಾರಾಳವಾಗಿ ಕೊಟ್ಟರು. ಹಳೆಯದು ಕೇಳಿದರೆ ಅರ್ಧ ಹೊಸದೇ ಕೊಟ್ಟರು. ಅಧ್ಯಕ್ಷರ ಹೆಂಡತಿ ತಾವೇ ಬಂದು ಒಂದು ಕೆನೆಬಣ್ಣದ ಅಂಗಿ ಕೊಟ್ಟರು. ಜೇಬುಗಳಿಗೆ ಕಂದು ಪಟ್ಟಿ ಇದ್ದ ಆ ಅಂಗಿಯನ್ನು ಸಮಿತಿ ಶುರುವಾದ ದಿನಕ್ಕೆಂದೇ ನಮ್ಮನೆಯವರ ಹತ್ತಿರ ಹೊಲಿಸಿದ್ದರು. ಸಮಿತಿಯ ಕೋಣೆಯ ಗೋಡೆಯಲ್ಲಿ ಅಧ್ಯಕ್ಷರು ಅದನ್ನೇ ಹಾಕಿಕೊಂಡು ಎದೆ ಉಬ್ಬಿಸಿ ನಿಂತ ಫೋಟೋ ಇತ್ತು. "ಹೊಟ್ಟೆ ಬಂದಿದೆ ಅವ್ರಿಗೆ, ಗುಂಡಿ ಹಿಡಿಯಲ್ಲ" ಅಂದರು. ಒಂದು ಗಳಿಗೆ ನಿಂತು ನನ್ನ ಮುಖ ನೋಡಿದರು. ಅವರಿಗೆ ಎಷ್ಟು ಅರ್ಥವಾಗಿತ್ತೋ, ಇವತ್ತಿಗೂ ಹೇಳಲಾರೆ.

ರಾಶಿಯನ್ನು ಮಷಿನ್ನಿನ ಪಕ್ಕ ಇಟ್ಟೆ. ನಮ್ಮನೆಯವರು ಒಂದೊಂದೇ ಎತ್ತಿ ನೋಡಿದರು. ಪ್ರತಿಯೊಂದೂ ಅವರ ಕೈಯಿಂದಲೇ ಹೋದದ್ದು, ಯಾವುದು ಯಾರದೆಂದು ಕತ್ತಲಲ್ಲಿ ಮುಟ್ಟಿದರೂ ಹೇಳಬಲ್ಲರು. ಏನೂ ಕೇಳಲಿಲ್ಲ. ಗುಂಡಿ ಹೋದಲ್ಲಿ ಗುಂಡಿ ಹಾಕಿ, ಹರಿದಲ್ಲಿ ತೇಪೆ ಹಾಕಿ, ಇಸ್ತ್ರಿ ಮಾಡಿ ಕೊಟ್ಟರು. ಕುಯ್ಯುವ ಹಳೆ ಅಂಗಿಗೆ ಇಸ್ತ್ರಿ!

ಅಂಗಿಗಳನ್ನು ಕುಯ್ಯುವ ಹೆಂಗಸರ ಮೇಸ್ತ್ರಿಗೆ ಕೊಟ್ಟೆ. ಗಟ್ಟಿ ಹೆಂಗಸು, ಎಲೆಯಡಿಕೆ ಬಾಯಲ್ಲಿ ತುಂಬಿಕೊಂಡೇ ಇಡೀ ತಂಡವನ್ನು ಕಣ್ಣಲ್ಲಿ ನಡೆಸುವವಳು. ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳ ಮುಂದೆ ಬಾಯಿ ತೆಗೆದರೆ ಆಣೆ ಮುರಿಯುವುದಿಲ್ಲ, ಅವಳಿಗೆ ಮೊದಲೇ ಎಲ್ಲ ಗೊತ್ತಿತ್ತು. ನೀಲಿ ಚೌಕುಳಿಯ ಬಾಣಂತಿ ಆ ವರ್ಷ ಬಂದಿರಲಿಲ್ಲ, ಘಟ್ಟದ ಕೆಳಗಿನ ಗಂಡನ ಊರಿಗೆ ಹೋಗಿ ಆಗಿತ್ತು. ಮೇಸ್ತ್ರಿ ಎಲೆಯಡಿಕೆ ಉಗಿದು, "ಅಮ್ಮಾ, ಆ ಟೈಲರ್ ಅಯ್ಯ ನಮ್ಮ ಹುಡುಗಿ ಮೇಲೆ ಹೇಳ್ಳಿಲ್ಲ. ನೀವು ಎಂತ ಮಾಡು ಅಂದ್ರೂ ಮಾಡ್ತೀವಿ" ಅಂದಳು.

ಕಾಯುವ ಕೆಲಸ ಉಳಿಯಿತು. ಅದೂ ಹೆಚ್ಚು ದಿನ ಬೇಕಾಗಲಿಲ್ಲ. ನಮ್ಮ ಸಮಿತಿ ತಾಲ್ಲೂಕಿಗೇ ಮಾದರಿ ಅಂತ ಒಂದು ಶೀಲ್ಡು ಕೊಡುವುದಾಗಿ, ಅದಕ್ಕೆ ಒಬ್ಬ ದೊಡ್ಡ ಅಧಿಕಾರಿ ಬರುವುದಾಗಿ ಸುದ್ದಿ ಬಂತು. ಜನವರಿಯ ಒಂದು ಸಂತೆಯ ದಿನ ಸಾಯಂಕಾಲ ಕಾರ್ಯಕ್ರಮ. ಬೀದಿಗೆ ಮಾವಿನ ತೋರಣ, ಕಲ್ಲುಗಳಿಗೆ ಮತ್ತೆ ಸುಣ್ಣ, ಸಮಿತಿ ಕೋಣೆಯ ಮುಂದೆ ಶಾಮಿಯಾನ. ಗಂಡಸರೆಲ್ಲ ಹಸಿರು ಟೋಪಿ ಹಾಕಿಕೊಂಡು ಎದೆ ಸೆಟೆದು ಕೂತಿದ್ದರು. ನಮ್ಮನೆಯವರು ಅಂಗಡಿಯೊಳಗೆ ಮಷಿನ್ನು ತುಳಿಯುತ್ತಿದ್ದರು. ನಾನು ಹೆಂಗಸರ ಕುರ್ಚಿಗಳ ಮೊದಲ ಸಾಲಿನಲ್ಲಿ ಹೋಗಿ ಕೂತೆ. ಕಳ್ಳನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಳಲ್ಲ ಅಂತ ಯಾರ ಬಾಯೂ ಅನ್ನಲಿಲ್ಲ. ಮುಖಗಳು ಅಂದವು.

ಅಧ್ಯಕ್ಷರು ಭಾಷಣಕ್ಕೆ ನಿಂತರು. ನಾನು ಎಲ್ಲಿಂದ ಶುರುಮಾಡಲಿ ಅಂತ ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ. ಅವರೇ ದಾರಿ ಮಾಡಿಕೊಟ್ಟರು. "ಸಾರ್, ಬೇಲಿಗೆ ಸಿಕ್ಕಿದ ಒಂದು ಅಂಗಿ. ಬರೀ ಒಂದು ಅಂಗಿ. ಅದರಿಂದಲೇ ನಾವು ಕಳ್ಳನ್ನ ಹಿಡಿದ್ವಿ. ಅಲ್ಲಿಂದೀಚೆಗೆ ನಮ್ಮ ಬೀದೀಲಿ ಒಂದು ಕಡ್ಡಿ ಕಳುವಾಗಿಲ್ಲ" ಅಂದರು. ಚಪ್ಪಾಳೆ. ಅಂಗಡಿಯೊಳಗೆ ಮಷಿನ್ನಿನ ಸದ್ದು ನಿಂತಿತು.

ನಾನು ಎದ್ದು ನಿಂತೆ.

"ಅಧ್ಯಕ್ಷರೇ, ಒಂದು ಮಾತು ಕೇಳ್ಬೋದಾ?"

ಅಧಿಕಾರಿ ಎದುರಿಗೆ ಬೇಡ ಅನ್ನುವ ಹಾಗಿಲ್ಲ. "ಕೇಳಮ್ಮ" ಅಂದರು.

"ಅಂಗಿ ಯಾರದೋ ಅವನೇ ಕಳ್ಳ. ನಮ್ಮ ಬೀದಿ ಕಾನೂನು ಅದೇ ತಾನೆ?"

"ಮತ್ತೆ? ಅಂಗಿ ಕಾಲಲ್ಲಿ ನಡ್ಕೊಂಡು ಹೋಗ್ತದಾ?"

"ಹೋಗ್ತದೆ. ಎಲ್ರೂ ಸ್ವಲ್ಪ ಹಿಂದೆ ತಿರುಗಿ ನೋಡಿ."

ಶಾಮಿಯಾನದ ಹಿಂದೆ ಕುಯ್ಯುವ ಹೆಂಗಸರು ಸಾಲಾಗಿ ನಿಂತಿದ್ದರು. ಸಂತೆಯ ದಿನ ಅವರು ಸಾಮಾನ್ಯವಾಗಿ ಕೈಕಾಲು ತೊಳೆದು, ಒಳ್ಳೆ ಸೀರೆ ಉಟ್ಟು ಪೇಟೆಗೆ ಬರುತ್ತಾರೆ. ಅವತ್ತು ತೋಟದಿಂದ ನೇರವಾಗಿ ಬಂದಿದ್ದರು, ತಲೆಗೆ ಬಟ್ಟೆ, ಸೊಂಟಕ್ಕೆ ಚೀಲ, ಮೈಮೇಲೆ ಅಂಗಿ. ಕಿರಾಣಿ ಅಂಗಡಿಯವರ ಗೆರೆ ಅಂಗಿ, ಮೆಡಿಕಲ್ ಶಾಪಿನವರ ಗುಲಾಬಿ, ಬಸ್ ಏಜೆಂಟರ ಕಾಫಿಪುಡಿ ಬಣ್ಣದ್ದು. ಸಮಿತಿಯ ಒಬ್ಬೊಬ್ಬ ಸದಸ್ಯನೂ ಅಲ್ಲಿ ನಿಂತಿದ್ದ. ನಡುವೆ ಮೇಸ್ತ್ರಿ, ಕೆನೆಬಣ್ಣದ ಅಂಗಿ, ಜೇಬಿಗೆ ಕಂದು ಪಟ್ಟಿ, ಎದೆ ಸೆಟೆದುಕೊಂಡು. ಅವಳ ಹಿಂದೆಯೇ ಕೋಣೆಯ ತೆರೆದ ಬಾಗಿಲೊಳಗೆ ಗೋಡೆಯ ಮೇಲೆ ಅಧ್ಯಕ್ಷರ ಫೋಟೋ.

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ತಮ್ಮ ಅಂಗಿ ಗುರುತು ಸಿಕ್ಕಿತು. ಮುಖಗಳ ಬಣ್ಣ ಇಳಿಯುವುದನ್ನು ನಾನು ಒಂದೊಂದಾಗಿ ನೋಡಿದೆ, ಅವಸರ ಮಾಡಲಿಲ್ಲ. ಮೊದಲು ನಕ್ಕವರು ಅಧ್ಯಕ್ಷರ ಹೆಂಡತಿ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ಕಿಸಕ್ಕನೆ ನಕ್ಕರು. ಅದಕ್ಕೇ ಕಾದಿದ್ದಂತೆ ಹೆಂಗಸರ ಸಾಲೆಲ್ಲ ನಕ್ಕಿತು.

ಅಧಿಕಾರಿ ಮೇಸ್ತ್ರಿಯನ್ನು ಹತ್ತಿರ ಕರೆದರು. "ಈ ಅಂಗಿ ಎಲ್ಲಿಂದ ಬಂತಮ್ಮ?"

"ಪೇಟೆಯಿಂದ ಸ್ವಾಮಿ. ವರ್ಷಾ ಕೊಡ್ತಾರೆ. ಚಗಳಿ ಕಚ್ತದಲ್ಲ."

"ಯಾರ ಅಂಗಿ ಯಾರ ಹತ್ರ ಉಂಟು ಅಂತ ಗೊತ್ತಿರ್ತದಾ?"

"ಇವತ್ತು ಇವಳು ಹಾಕ್ತಾಳೆ, ನಾಳೆ ಅವಳು ಹಾಕ್ತಾಳೆ. ಬಿಸಿಲು ಬಂದ್ರೆ ಬೇಲಿಗೋ ಗಿಡಕ್ಕೋ ಹಾಕಿ ಮರೀತೀವಿ. ಗೊತ್ತಿಟ್ಕೊಂಡು ಎಂತ ಮಾಡದು?"

ಅಧಿಕಾರಿ ಅಧ್ಯಕ್ಷರ ಕಡೆ ತಿರುಗಿ ಬಹಳ ಮೆತ್ತಗೆ, "ನೀವು ಹಿಡಿದ ಕಳ್ಳ ಯಾರು?" ಅಂತ ಕೇಳಿದರು. ಅಧ್ಯಕ್ಷರು ನಮ್ಮ ಅಂಗಡಿಯ ಕಡೆ ಕೈ ಮಾಡಿದರು. ನಮ್ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು, ಕೊರಳಲ್ಲಿ ಟೇಪು. ಅಧಿಕಾರಿ ಶೀಲ್ಡನ್ನು ಮೇಜಿನ ಮೇಲೆ ಬೋರಲು ಹಾಕಿ, "ಮೊದಲು ಆ ಕೆಲಸ ಮುಗಿಸಿ" ಅಂದರು.

ಅಧ್ಯಕ್ಷರು ಬೀದಿ ದಾಟಿ ಹೋದರು. ಸಮಿತಿಯ ಕೋಣೆಯಿಂದ ಆ ಟೋಪಿ ತರಿಸಿ, ತೆಗೆದ ಕೈಯಿಂದಲೇ ನಮ್ಮನೆಯವರ ತಲೆಗೆ ಇಟ್ಟರು. "ಸಮಿತಿಯಿಂದ ತಪ್ಪಾಯ್ತು" ಅಂದರು. ತನ್ನಿಂದ ಅನ್ನಲಿಲ್ಲ, ಗಮನಿಸಿದೆ. ನಮ್ಮನೆಯವರು ಕೈಮುಗಿದು, "ಸಂತೋಷ" ಅಂದು ಒಳಗೆ ಹೋದರು. ಮಷಿನ್ನಿನ ಸದ್ದು ಮತ್ತೆ ಶುರುವಾಯಿತು.

ಆ ರಾತ್ರಿ ನನಗೆ ಬಂದ ನಿದ್ದೆ, ಬಾಣಂತನದ ಆಯಾಸದಲ್ಲೂ ಅಂಥ ನಿದ್ದೆ ಬಂದಿರಲಿಲ್ಲ. ಮೆಣಸು ಯಾರು ಕದ್ದರೋ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನನಗೆ ಬರಬೇಕಾದದ್ದು ಬಂದಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಮಷಿನ್ನು ಅಂಗಡಿಯ ಬಾಗಿಲಿಗೆ ಬಂದಿತ್ತು. ಪಕ್ಕದಲ್ಲಿ ಬಟ್ಟೆಗಳ ರಾಶಿ. ಮುಂದಿನ ತಿಂಗಳು ಅಧ್ಯಕ್ಷರ ಮಗಳ ಮದುವೆ ಇತ್ತು, ಬೀದಿಗೆ ಬೀದಿಯೇ ನಮ್ಮಲ್ಲಿ ಬಟ್ಟೆ ಹೊಲಿಯಲು ಕೊಟ್ಟಿತ್ತು. ನಮ್ಮನೆಯವರು ಕತ್ತರಿ ಹಾಕದ ಬಟ್ಟೆಗಳನ್ನು ಒಂದೊಂದು ಮನೆಯದು ಒಂದೊಂದು ಕಡೆ ಮಡಿಚಿ ಇಟ್ಟಿದ್ದರು.

"ಇದೆಲ್ಲ ವಾಪಸ್ ಕೊಟ್ಟು ಬಾ" ಅಂದರು.

"ಎಂತಕ್ಕೆ?"

"ಹೊಲಿಯಲ್ಲ."

"ಒಂದು ವರ್ಷ ನಾನು ಬಡ್ಕೊಂಡೆ, ಹೊಲಿಬೇಡಿ ಅಂತ. ಆಗ ಬಾಯಿ ಮುಚ್ಚಿ ಹೊಲಿದ್ರಿ. ಈಗ ಎಲ್ಲ ಸರಿಹೋದ ಮೇಲೆ..."

"ಆಗ ನಾನು ಕಳ್ಳ ಆಗಿದ್ದೆ" ಅಂದರು. ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು, ತಲೆ ಎತ್ತಲಿಲ್ಲ. "ಕಳ್ಳ ಹೊಲಿಯಲ್ಲ ಅಂದ್ರೆ, ನೋಡು ಕೊಬ್ಬು ಅಂತಿದ್ರು. ಈಗ ಅಲ್ವಲ್ಲ. ಈಗ ಹೊಲಿಯಲ್ಲ ಅಂದ್ರೆ ಹೊಲಿಯಲ್ಲ ಅಂತಷ್ಟೇ."

ನಾನು ಅವರ ಮುಖವನ್ನೇ ನೋಡಿದೆ. ವರ್ಷವಿಡೀ ಈ ಮನೆಯಲ್ಲಿ ಸೇಡು ಸಾಕುತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ತಪ್ಪಲೆ ಎಸೆದು, ಕಾಯಿ ಹಿಡಿದು, ಊರೆಲ್ಲ ಅಂಗಿ ಬೇಡಿ ಕುಣಿದಾಡಿದವಳು ನಾನು. ಅವರು ಒಂದು ಮಾತಾಡದೆ, ಹೊಲಿಗೆಯ ಒಂದು ಎಳೆ ತಪ್ಪದೆ, ಈ ದಿನಕ್ಕೆ ಕಾದು ಕೂತಿದ್ದರು. ಸೆರಗು ಸಿಕ್ಕಿಸಿಕೊಂಡು ಹೊರಟೆ. ಮನೆಮನೆಗೂ ಹೋಗಿ ಬಟ್ಟೆ ಕೈಗೆ ಕೊಟ್ಟು, "ಹೊಲಿಯಲ್ವಂತೆ" ಅಂದೆ. ಅಧ್ಯಕ್ಷರ ಮನೆಗೆ ಎಲ್ಲಕ್ಕಿಂತ ಕೊನೆಗೆ ಹೋದೆ, ಅಷ್ಟು ಹೊತ್ತಿಗೆ ಸುದ್ದಿ ಮುಟ್ಟಿರಲಿ ಅಂತ.

ಬೀದಿಯವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಆಮೇಲೆ ಮೂಡಿಗೆರೆಗೆ ಬಟ್ಟೆ ಒಯ್ದರು. ನಮಗೆ ಸ್ವಲ್ಪ ಕಷ್ಟವೇ ಆಯಿತು. ಸುತ್ತಲಿನ ಹಳ್ಳಿಯವರು, ಎಸ್ಟೇಟು ಲೈನುಮನೆಗಳ ಕೂಲಿಯವರು ಕೈಹಿಡಿದರು. ನಮ್ಮನೆಯವರು ಕುಯ್ಯುವ ಹೆಂಗಸರಿಗೆಂದು ದಪ್ಪ ಬಟ್ಟೆಯ ಅಂಗಿ ಹೊಲಿಯತೊಡಗಿದರು, ಹೆಂಗಸರ ಅಳತೆಗೇ, ಹೆಂಗಸರ ತೋಳಿಗೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಫಿಯ ರೇಟು ನೆಲಕಚ್ಚಿತು. ಕಾಯಲು ಏನೂ ಉಳಿಯದೆ ಸಮಿತಿಯೂ ಕರಗಿಹೋಯಿತು. ಬೋರ್ಡಿನ ಅಕ್ಷರ ಮಾಸಿತು. ಒಂದು ಬೆಳಿಗ್ಗೆ ಅಧ್ಯಕ್ಷರು ನಮ್ಮ ಅಂಗಡಿಗೆ ಬಂದರು. ವಯಸ್ಸಾಗಿತ್ತು, ಹೊಟ್ಟೆ ಕರಗಿತ್ತು, ಕುತ್ತಿಗೆ ಅಂಗಿಯ ಕಾಲರಿನೊಳಗೆ ಅಲ್ಲಾಡುತ್ತಿತ್ತು. ಬೆಂಚಿನ ಮೇಲೆ ಕೂತು ಬಟ್ಟೆಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡರು. ನಾನು ಕಾಫಿ ತಂದುಕೊಟ್ಟೆ. ಇಬ್ಬರೂ ಮೆಣಸಿನ ಬಳ್ಳಿಗೆ ಬಂದ ರೋಗ, ಆನೆ ಬಂದದ್ದು, ಮಳೆ ಹೋದದ್ದು ಎಲ್ಲ ಮಾತಾಡಿದರು.

ಕೊನೆಗೆ ಅವರು, "ಒಂದು ಅಂಗಿ ಮಾರಾಯ. ಒಂದೇ. ನಿನ್ನ ಕೈಯ ಕಾಲರು ಬೇರೆ ಯಾರಿಗೂ ಬರಲ್ಲ" ಅಂದರು.

"ಕಾಫಿ ಆರ್ತದೆ" ಅಂದರು ಇವರು.

"ಇನ್ನೂ ಸಿಟ್ಟುಂಟಾ?"

"ಸಿಟ್ಟಿಲ್ಲ."

"ಮತ್ತೆ ಹೊಲಿದು ಕೊಡು."

"ಹೊಲಿಯಲ್ಲ."

ನನಗೇ ಪಾಪ ಅನ್ನಿಸಿತು. ನನಗೆ! ಒಳಗೆ ಕರೆದು ಮೆಲ್ಲಗೆ, "ಹೊಲಿದು ಕೊಡಿ ಅತ್ಲಾಗೆ. ಮುದುಕರು, ಬಾಗಿಲಿಗೆ ಬಂದಿದಾರೆ" ಅಂದೆ.

"ನಿಂಗೆ ಅವತ್ತೇ ಮುಗೀತು" ಅಂದರು. "ಬೀದೀಲಿ ನಿಂತಿದ್ದು ನಾನು."

ಹೊರಗೆ ಬಂದು ಮಷಿನ್ನಿಗೆ ಕೂತರು. ಅಧ್ಯಕ್ಷರು ಇನ್ನೂ ಸ್ವಲ್ಪ ಹೊತ್ತು ಅವರ ಕೈಯನ್ನೇ ನೋಡುತ್ತ ಕೂತಿದ್ದು, ಪೊಟ್ಟಣ ಕಂಕುಳಲ್ಲಿ ಇಟ್ಟುಕೊಂಡು ಎದ್ದರು. ಮೆಟ್ಟಿಲಿಳಿಯಲು ಕೈ ನೀಡಿದೆ, ಹಿಡಿದುಕೊಂಡರು. ಕೆಳಗಿಳಿಸಿ, ಹೊಲಿಸಲು ಹೋಗುವುದಾದರೆ ಮೂಡಿಗೆರೆ ಬಸ್ಸು ಇನ್ನೇನು ಬರುತ್ತದೆ ಅಂತ ಹೇಳಿದೆ.